ನೆಲ ಬಿಡದ ವಿಮಾನ

ನಮ್ಮ ಶಾಲೆಯ ಸ್ಮರಣ ಸಂಚಿಕೆಗಾಗಿ ನಮ್ಮ ಉದ್ಯೋಗದ ವಿಷಯವಾಗಿ ನಾಲ್ಕು ಮಾತು ಬರೆದು ಕಳುಹಿಸಬೇಕೆಂದು ಮುಖ್ಯೋಪಾಧ್ಯಾಯಿನಿಯವರಿಂದ ಪತ್ರ ಬಂದಾಗ ನಮಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಇಲ್ಲಿ ಕಲಿತು ಹೋದವರಲ್ಲಿ ಉಪಾಧ್ಯಾಯಿನಿಯರಿದ್ದಾರೆ, ವೈದ್ಯರಿದ್ದಾರೆ, ದಾದಿಯರಿದ್ದಾರೆ. ಅವರ ಕೆಲಸವು ಇಂಥದೆಂದು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಕೆಲಸವಾದರೋ ನಮ್ಮ ಹೆತ್ತ ತಾಯಿಗೂ ಇಂದಿನವರೆಗೆ ಪೂರ್ತಿಯಾಗಿ ತಿಳಿದಿಲ್ಲ. ಅಕ್ಕಿಆಲೂರಿನ ನಮ್ಮ ಓಣಿಯಲ್ಲಿ ಯಾರಾದರೂ, "ನಿಮ್ಮ ಮಗಳು ಬೆಂಗಳೂರಾಗ ಏನ್ ಮಾಡ್ತಾಳವ್ವಾ?" ಎಂದು ಕೇಳಿದರೆ, "ಇಮಾನ ರಿಪೇರಿ ಮಾಡ್ತಾಳ್ರೀ, ಆದ್ರ ಆ ಇಮಾನ ಹಾರಂಗಿಲ್ಲಂತ," ಎಂದು ತಾಯಿಯವರು ಉತ್ತರ ಕೊಡುವರು. ಹಾರದ ವಿಮಾನವನ್ನು ರಿಪೇರಿ ಮಾಡಿ ಬಂದ ಭಾಗ್ಯವೇನು ಎಂದು ಕೇಳಿದವರು ನಗುವರು. ಆ ನಗುವಿಗೆ ಸಮಾಧಾನವನ್ನು ಹೇಳುವದಕ್ಕೂ, ನಮ್ಮಿಂದಾದ ಒಂದು ತಪ್ಪನ್ನು ಈ ಶಾಲೆಯ ಹುಡುಗಿಯರ ಮುಂದೆ ಒಪ್ಪಿಕೊಳ್ಳುವದಕ್ಕೂ ಈ ಲೇಖನವನ್ನು ಬರೆಯುತ್ತೇವೆ.

ಅಕ್ಕಿಆಲೂರು ಹಾನಗಲ್ಲ ತಾಲೂಕಿನ ಒಂದು ದೊಡ್ಡ ಊರು. ತಾಲೂಕು 1997ರ ವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ತರುವಾಯ ಹಾವೇರಿ ಜಿಲ್ಲೆಗೆ ಸೇರಿತು. ಬಯಲುಸೀಮೆಯು ಮುಗಿದು ಮಲೆನಾಡು ತೊಡಗುವ ಸ್ಥಳವಾದ್ದರಿಂದ ನಮ್ಮ ಕಡೆಗೆ ಭತ್ತದ ಬೆಳೆ ವಿಶೇಷ. ನಮ್ಮ ತಂದೆಯವರು ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರರಾಗಿದ್ದರು. ಸುಗ್ಗಿಯ ದಿನಗಳಲ್ಲಿ ಗಿರಣಿಯು ಹಗಲಿರುಳೂ ನಡೆಯುತ್ತಿತ್ತು. ಬುತ್ತಿಯನ್ನು ಕೊಡುವ ನೆವದಿಂದ ನಾವು ಅಲ್ಲಿಗೆ ಹೋಗಿ, ತೌಡಿನ ಧೂಳಿನಲ್ಲಿ ಕಣ್ಣು ಉಜ್ಜಿಕೊಳ್ಳುತ್ತ, ಓಡುವ ಬೆಲ್ಟುಗಳನ್ನು ನೋಡುತ್ತ ನಿಲ್ಲುತ್ತಿದ್ದೆವು. ತಂದೆಯವರು ರೊಟ್ಟಿಯನ್ನು ತಿನ್ನುತ್ತಿರುವಾಗಲೂ ಅವರ ಕಿವಿಯು ಯಂತ್ರದ ಕಡೆಗೇ ಇರುತ್ತಿತ್ತು. ಒಂದು ದಿನ ಅರ್ಧ ಊಟದಲ್ಲಿ ಎದ್ದು ಹೋಗಿ ಅವರು ಗಿರಣಿಯನ್ನೇ ನಿಲ್ಲಿಸಿಬಿಟ್ಟರು. ಭತ್ತದ ಚೀಲಗಳೊಡನೆ ಸರದಿ ಕಾಯುತ್ತಿದ್ದ ರೈತರು ಸಿಟ್ಟಾದರು. ಗಿರಣಿಯ ಮಾಲಕರು ಒಳಗಿನಿಂದ ಕೂಗಾಡುತ್ತ ಬಂದರು. ತಂದೆಯವರು ಏನೂ ಮಾತಾಡದೆ ಬೇರಿಂಗನ್ನು ಬಿಚ್ಚಿ ತಂದು ಮಾಲಕರ ಅಂಗೈಯಲ್ಲಿಟ್ಟರು. ಅದರ ಗುಂಡುಗಳಲ್ಲಿ ಒಂದು ಸೀಳಿತ್ತು. "ಯಂತ್ರ ಮೊದಲ ಕಿವಿಗೆ ಹೇಳ್ತೈತಿ, ಕೇಳಲಿಲ್ಲಂದ್ರ ಆಮ್ಯಾಲೆ ಕಣ್ಣಿಗೆ ತೋರಸ್ತೈತಿ," ಎಂದು ಮನೆಗೆ ಬರುವ ದಾರಿಯಲ್ಲಿ ನಮಗೆ ಹೇಳಿದರು. ನಮ್ಮ ಯಂತ್ರವಿದ್ಯೆಯ ಮೊದಲ ಪಾಠವು ಅದೇ ಆಯಿತು.

ಏಳನೆಯ ಇಯತ್ತೆ ಮುಗಿದ ಮೇಲೆ ಅವರು ನಮ್ಮನ್ನು ಈ ಶಾಲೆಗೆ ಹೆಸರು ಹಚ್ಚಿ ಬೋರ್ಡಿಂಗಿನಲ್ಲಿ ಇರಿಸಿದರು. ಎರಡನೆಯ ಪಾಠವು ಆದದ್ದು ಇಲ್ಲಿಯೇ. ಆಗ ಸಭಾಗೃಹದಲ್ಲಿ ಕಾಲಿನಿಂದ ತುಳಿದು ಬಾರಿಸುವ ಹಳೆಯ ಹಾರ್ಮೋನಿಯಮ್ ಒಂದಿತ್ತು. ಅದರ ಕೆಳಗಿನ ಎರಡು ಹಲಗೆಗಳನ್ನು ತುಳಿದರೆ ಒಳಗಿನ ತಿದಿಗಳು ಗಾಳಿಯನ್ನು ಎಳೆದು ಸ್ವರವನ್ನು ಹೊರಡಿಸುತ್ತಿದ್ದವು. ವಿದ್ಯಾರ್ಥಿನಿಯರು ಅದನ್ನು ಮುಟ್ಟಬಾರದೆಂದು ಕಟ್ಟಪ್ಪಣೆಯಿತ್ತು. ಒಂದು ಮಧ್ಯಾಹ್ನದ ಬಿಡುವಿನಲ್ಲಿ ನಾವು ಒಬ್ಬ ಗೆಳತಿಯೊಡನೆ ಕೂಡಿ, ಅವಳು ಸ್ವರವನ್ನು ಒತ್ತುವದು ನಾವು ತುಳಿಯುವದು ಎಂದು ಹಂಚಿಕೊಂಡು, ಉತ್ಸಾಹದ ಭರದಲ್ಲಿ ತಿದಿಯ ತೊಗಲನ್ನು ಹರಿದುಬಿಟ್ಟೆವು. ಹೆದರಿ, ಊಟದ ಮನೆಯಿಂದ ಒಂದು ಮುಷ್ಟಿ ಅನ್ನವನ್ನು ತಂದು ನುರಿದು ಅಂಟು ಮಾಡಿ, ನೋಟುಬುಕ್ಕಿನ ರಟ್ಟನ್ನು ಹರಿದ ಸ್ಥಳಕ್ಕೆ ಅಂಟಿಸಿ, ಏನೂ ಆಗದವರಂತೆ ವರ್ಗಕ್ಕೆ ಹೋಗಿ ಕುಳಿತೆವು. ಮರುದಿನ ಮುಂಜಾನೆ ಇಡೀ ಶಾಲೆಯು ಹಾಡುತ್ತಿರುವಾಗ ರಟ್ಟು ಕಿತ್ತು, ಹಾರ್ಮೋನಿಯಮ್ಮು ಉಸ್ಸೆಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

ಸಂಗೀತದ ಬಾಯಿಯವರು ಯಾರನ್ನೂ ಗದರಿಸಲಿಲ್ಲ. ಹಿಂದಿನ ಹಲಗೆಯನ್ನು ಬಿಚ್ಚಿ ನೋಡಿ, ಒಣಗಿದ ಅಗುಳುಗಳನ್ನು ಉಗುರಿನಿಂದ ಕೆರೆದು ತೆಗೆದು, "ಅಕ್ಕಿಆಲೂರಿನ ಹುಡುಗಿ ಯಾರವ್ವಾ?" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ನಾವು ಮಾತ್ರ ಅತ್ತೆವು. ಸಂಜೆಗೆ ಅವರು ನಮ್ಮಿಬ್ಬರನ್ನು ಕರೆಯಿಸಿ, ಮೆದುವಾದ ತೊಗಲನ್ನು ಅಳೆದು ಕತ್ತರಿಸುವದನ್ನೂ, ಸರೇಸನ್ನು ಕಾಯಿಸಿ ಹಚ್ಚುವದನ್ನೂ ಕೈಹಿಡಿದು ಕಲಿಸಿದರು. ಮುಗಿದ ಬಳಿಕ ಒಂದು ಚೀಟಿಯ ಮೇಲೆ ತಾರೀಖು, ಎಲ್ಲಿ ಹರಿದಿತ್ತು, ಯಾವದರಿಂದ ಮುಚ್ಚಿತು, ಮುಚ್ಚಿದವರಾರು ಎಂದು ನಮ್ಮಿಂದ ಬರೆಯಿಸಿ ಆ ಪೆಟ್ಟಿಗೆಯ ಒಳಗೆ ಅಂಟಿಸಿದರು. "ಇದು ಶಿಕ್ಷಾ ಅಲ್ಲ. ಮುಂದ ಇದನ್ನ ಬಿಚ್ಚಾಕಿಗೆ ಗೊತ್ತಾಗಬೇಕಲ್ಲಾ," ಎಂದರು. ಆ ಚೀಟಿಯ ಅರ್ಥವು ನಮಗೆ ಪೂರ್ತಿಯಾಗಿ ತಿಳಿಯುವದಕ್ಕೆ ಬಹಳ ವರುಷಗಳು ಬೇಕಾದವು.

ಹತ್ತನೆಯ ಇಯತ್ತೆಯ ತರುವಾಯ ನಾವು ಹುಬ್ಬಳ್ಳಿಯಲ್ಲಿ ಮೂರು ವರುಷ ಓದಿ ಇಲೆಕ್ಟ್ರಾನಿಕ್ಸ್ ಡಿಪ್ಲೊಮಾವನ್ನು ಪಡೆದೆವು. ಕೆಲವು ಕಾಲ ಹುಬ್ಬಳ್ಳಿಯಲ್ಲಿಯೇ ಸಣ್ಣ ನೌಕರಿಗಳನ್ನು ಮಾಡಿ, 2012ರಲ್ಲಿ ಬೆಂಗಳೂರಿಗೆ ಹೋಗಿ, ದೇವನಹಳ್ಳಿಯ ಕಡೆಗಿನ ಒಂದು ವೈಮಾನಿಕ ತರಬೇತಿಯ ಕೇಂದ್ರದಲ್ಲಿ ಉಮೇದುವಾರರಾಗಿ ಸೇರಿದೆವು. ವಿಮಾನಗಳ ಪಟ್ಟಣವೆಂದು ಬೆಂಗಳೂರಿಗೆ ಹೆಸರು ಬಂದದ್ದು ಇಂದು ನಿನ್ನೆಯದಲ್ಲ. 1940ರ ದಶಂಬರದಲ್ಲಿ ವಾಲಚಂದ ಹಿರಾಚಂದರು ಮೈಸೂರು ಸರಕಾರದ ಸಹಾಯದಿಂದ ಇಂದಿನ ಎಚ್.ಎ.ಎಲ್. ಕಾರಖಾನೆಗೆ ಅಲ್ಲಿ ಬುನಾದಿಯನ್ನು ಹಾಕಿದರು. ಅದೇ ಎಚ್.ಎ.ಎಲ್. ಸಂಸ್ಥೆಯು ಕೆನಡಾದ ಸಿ.ಎ.ಇ. ಕಂಪನಿಯೊಡನೆ ಕೂಡಿ ಸ್ಥಾಪಿಸಿದ ಹ್ಯಾಟ್ಸಾಫ್ ಎಂಬ ಹೆಲಿಕಾಪ್ಟರ್ ಶಿಕ್ಷಣ ಕೇಂದ್ರವು 2010ರಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾಯಿತು. ಅಲ್ಲಿಯ ಯಂತ್ರದ ವಿಶೇಷವೇನೆಂದರೆ, ಒಂದೇ ಕಾಲುಗಳ ಮೇಲೆ ಒಮ್ಮೆ ಧ್ರುವ, ಒಮ್ಮೆ ಬೆಲ್ 412, ಒಮ್ಮೆ ಡಾಫಿನ್ ಹೀಗೆ ಬೇರೆ ಬೇರೆ ಹೆಲಿಕಾಪ್ಟರುಗಳ ಚಾಲಕರ ಕೋಣೆಗಳನ್ನು ಉರುಳಿಸಿ ತಂದು ಕೂಡಿಸಬಹುದು. ನಾವು ಸೇರಿದ್ದು ಅಲ್ಲಿಗಲ್ಲ, ಪ್ರಯಾಣಿಕರ ವಿಮಾನಗಳ ಚಾಲಕರನ್ನು ಕಲಿಸುವ ಸ್ಥಳಕ್ಕೆ.

ಮೊದಲ ದಿನ ನಮ್ಮನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ ಸಭಾಂಗಣವನ್ನು ನಾವು ಮರೆಯಲಾರೆವು. ಅದರ ಎತ್ತರವು ಎರಡು ಮೂರು ಮಾಳಿಗೆಗಳಷ್ಟು. ನಡುವೆ, ಆರು ಉದ್ದನೆಯ ಕಾಲುಗಳ ಮೇಲೆ, ಕಿಟಕಿಯೇ ಇಲ್ಲದ ಒಂದು ದೊಡ್ಡ ಬಿಳಿಯ ಕೋಣೆ. ಅದು ಮುಂದಕ್ಕೆ ಬಾಗುವದು, ಹಿಂದಕ್ಕೆ ವಾಲುವದು, ಒಮ್ಮೆಲೇ ನಡುಗಿ ನಿಲ್ಲುವದು. ಹತ್ತು ಟನ್ನಿಗೂ ಮಿಕ್ಕಿದ ಭಾರವು ಹೂವಿನಂತೆ ಅಲುಗಾಡುತ್ತಿದ್ದರೂ ಹೊರಗೆ ಸಪ್ಪಳವು ಬಹಳ ಕಡಿಮೆ. ಒಳಗೆ ಇಬ್ಬರು ಚಾಲಕರು ಕುಳಿತು ಮಳೆಯಲ್ಲಿ ವಿಮಾನವನ್ನಿಳಿಸುತ್ತಿದ್ದಾರೆಂದು ಹೇಳಿದರು. ಹೊರಗೆ ಬೆಂಗಳೂರಿನ ಬಿಸಿಲು ಬಿದ್ದಿತ್ತು. ಇದಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಎಂಜಿನ್ನು ಕೆಡುವದು, ಬೆಂಕಿ ಹತ್ತುವದು, ಗಾಳಿಯು ದಿಕ್ಕು ತಪ್ಪುವದು ಮೊದಲಾದ ಆಪತ್ತುಗಳನ್ನೆಲ್ಲ ಚಾಲಕರು ಇದರಲ್ಲಿ ಅನುಭವಿಸಿ, ಅವುಗಳಿಂದ ಪಾರಾಗುವ ಬಗೆಯನ್ನು ಕಲಿಯುವರು. ಇಲ್ಲಿ ತಪ್ಪಿದವನು ಇಳಿದು ಹೋಗಿ ಚಹಾ ಕುಡಿದು ಬಂದು ಮತ್ತೊಮ್ಮೆ ಪ್ರಯತ್ನಿಸಬಹುದು. ಆಕಾಶದಲ್ಲಿ ತಪ್ಪಿದವನಿಗೆ ಆ ಅವಕಾಶವಿಲ್ಲ.

ಈ ಯಂತ್ರದ ಚರಿತ್ರೆಯನ್ನು ನಮ್ಮ ಹಿರಿಯ ಮೇಸ್ತ್ರಿಯವರು ಮೊದಲ ವಾರದಲ್ಲಿ ಹೇಳಿದಾಗ ನಮಗೆ ಮೈ ಜುಮ್ಮೆಂದಿತು. ಅಮೇರಿಕದ ಬಿಂಗ್‌ಹ್ಯಾಮ್‌ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬವನಿದ್ದನು. ಅವನ ತಂದೆಗೆ ಪಿಯಾನೋ ಮತ್ತು ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರಖಾನೆಯಿತ್ತು. ವಿಮಾನವನ್ನು ನಡಿಸುವದನ್ನು ಕಲಿಯಲು ಹಣವು ಬಹಳ ಬೇಕಾಗುವದನ್ನು ಕಂಡು, ನೆಲದ ಮೇಲೆಯೇ ಅದನ್ನು ಕಲಿಯುವ ಯುಕ್ತಿಯನ್ನು ಅವನು ಯೋಚಿಸಿದನು. ಕಾರಖಾನೆಯಲ್ಲಿದ್ದ ಆರ್ಗನ್ನಿನ ತಿದಿಗಳನ್ನೇ ತೆಗೆದುಕೊಂಡು, ಒಂದು ಚಿಕ್ಕ ಮರದ ವಿಮಾನದ ಕೆಳಗೆ ಕೂಡಿಸಿ, ಪಂಪಿನಿಂದ ಗಾಳಿಯನ್ನು ಹೀರಿಸಿ, ಅದು ಬಾಗುವಂತೆಯೂ ತಿರುಗುವಂತೆಯೂ 1929ರಲ್ಲಿ ಮಾಡಿದನು. ಮೊದಲು ಜನರು ಅದನ್ನು ಜಾತ್ರೆಯ ಆಟದ ಸಾಮಾನೆಂದು ತಿಳಿದರು. ಉಲ್ಲಾಸವನಗಳೇ ಅದನ್ನು ಕೊಂಡವು. 1934ರಲ್ಲಿ ಅಲ್ಲಿಯ ಸರಕಾರವು ಟಪಾಲನ್ನು ಸಾಗಿಸುವ ಕೆಲಸವನ್ನು ಸೈನ್ಯದ ವಿಮಾನಗಳಿಗೆ ಒಪ್ಪಿಸಿದಾಗ, ಮಂಜಿನಲ್ಲಿ ಹಾರುವ ಅಭ್ಯಾಸವಿಲ್ಲದ ಹಲವು ಚಾಲಕರು ಸತ್ತರು. ಆಗ ಸೈನ್ಯದ ಅಧಿಕಾರಿಗಳು ಲಿಂಕನನ್ನು ಕರೆಯಿಸಿದರು. ಅವರು ಕಾಯುತ್ತಿದ್ದ ದಿನ ಹವೆಯು ಬಹಳ ಕೆಟ್ಟಿತ್ತು. ಇಂಥ ಮಂಜಿನಲ್ಲಿ ಯಾರೂ ಬರಲಾರರೆಂದು ಅವರು ಅಂದುಕೊಳ್ಳುತ್ತಿರುವಾಗ ಲಿಂಕನು ಸ್ವತಃ ವಿಮಾನವನ್ನು ನಡಿಸಿಕೊಂಡು ಬಂದಿಳಿದನೆಂದು ಹೇಳುವರು. ಸೈನ್ಯವು ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಚಾಲಕರು ಅಂಥ ನೀಲಿ ಪೆಟ್ಟಿಗೆಗಳಲ್ಲಿ ಕುಳಿತು ಕಲಿತರು.

ಇದನ್ನು ಕೇಳುತ್ತಿರುವಾಗ ನಮ್ಮ ಕಣ್ಣ ಮುಂದೆ ಬಂದದ್ದು ಸಭಾಗೃಹದ ಹಾರ್ಮೋನಿಯಮ್ಮು. ತಿದಿಯನ್ನು ಬಲ್ಲವರಿಗೆ ವಿಮಾನವೂ ತೀರ ಹೊರಗಿನದಲ್ಲವೆಂದು ಧೈರ್ಯವಾಯಿತು. ವಿಮಾನಗಳನ್ನು ದುರಸ್ತು ಮಾಡುವ ಎಂಜಿನಿಯರರಿಗೆ ಸರಕಾರದ ಪರವಾನಿಗೆಯು ಬೇಕು. ನಮಗೆ ಅಂಥದೇನೂ ಇರಲಿಲ್ಲ. ವಿದ್ಯುತ್ತು, ಕಂಪ್ಯೂಟರು, ಎಣ್ಣೆಯ ಒತ್ತಡ, ಬೆಳಕಿನ ಶಾಸ್ತ್ರ, ಬಡಿಗತನ ಇವೆಲ್ಲವುಗಳಲ್ಲಿ ಅಷ್ಟಿಷ್ಟನ್ನು ಹಿರಿಯರ ಬೆನ್ನ ಹಿಂದೆ ನಿಂತೇ ಕಲಿಯಬೇಕಾಯಿತು. ಆರು ತಿಂಗಳ ವರೆಗೆ ನಮ್ಮ ಕೈಯಲ್ಲಿ ಇದ್ದದ್ದು ಬೆಳಕಿನ ಬ್ಯಾಟರಿ ಮತ್ತು ಒರಸುವ ಬಟ್ಟೆ.

ಈಗ ಈ ಯಂತ್ರವು ಮನುಷ್ಯನನ್ನು ಹೇಗೆ ನಂಬಿಸುವದೆಂಬದನ್ನು ಹೇಳಬೇಕು. ವಿಮಾನವು ಓಟಕ್ಕೆ ತೊಡಗಿದಾಗ ಬೆನ್ನು ಆಸನಕ್ಕೆ ಒತ್ತುವದಷ್ಟೆ. ನಮ್ಮ ಕೋಣೆಯು ನಾಲ್ಕೈದು ಅಡಿಗಿಂತ ಹೆಚ್ಚು ಮುಂದಕ್ಕೆ ಓಡಲಾರದು. ಆದ್ದರಿಂದ ಅದು ಮೊದಲು ತುಸು ಮುಂದಕ್ಕೆ ಜಿಗಿದು, ಬಳಿಕ ತಿಳಿಯದಂತೆ ಮೆಲ್ಲನೆ ಹಿಂದಕ್ಕೆ ವಾಲುವದು. ಕಿಟಕಿಯ ಚಿತ್ರದಲ್ಲಿ ನೆಲವು ಸಮನಾಗಿಯೇ ಕಾಣುತ್ತಿರುವದರಿಂದ, ಭೂಮಿಯ ಸೆಳೆತವನ್ನು ಚಾಲಕನು ವೇಗದ ಒತ್ತೆಂದು ತಿಳಿಯುವನು. ಮುಂದಿನ ಚಲನೆಗೆ ಸ್ಥಳವಾಗಬೇಕೆಂದು ಕಾಲುಗಳು ನಡುನೆಲೆಗೆ ಮರಳುವವು. ಮಗು ಮಲಗಿದ ಮೇಲೆ ಎಚ್ಚರಾಗದಂತೆ ತಾಯಿಯು ತೊಟ್ಟಿಲನ್ನು ಹೇಗೆ ನಿಲ್ಲಿಸುವಳೋ ಅಷ್ಟು ಮೆತ್ತಗೆ. ಚಾಲಕನು ಚುಕ್ಕಾಣಿಯನ್ನು ತಿರುಗಿಸಿದ್ದಕ್ಕೂ ಯಂತ್ರವು ಅದಕ್ಕೆ ಉತ್ತರ ಕೊಡುವದಕ್ಕೂ ನಡುವೆ ಬಹಳ ಕಾಲವು ಹೋಗಬಾರದು. ಶ್ರೇಷ್ಠ ದರ್ಜೆಯ ಯಂತ್ರಗಳಿಗೆ ಹಳೆಯ ನಿಯಮದಂತೆ 150 ಮಿಲಿಸೆಕೆಂಡು, ಅಂದರೆ ಕಣ್ಣು ಮಿಟುಕಿಸುವ ಹೊತ್ತಿನಷ್ಟೇ, ಮಿತಿಯಾಗಿತ್ತು.

ನಮಗೆ ಎಲ್ಲಕ್ಕಿಂತ ಪ್ರಿಯವಾದದ್ದು ಅದರ ಕನ್ನಡಿ. ಚಾಲಕರ ಎದುರಿಗೆ, ಕೋಣೆಯ ಅಗಲಕ್ಕೂ ಬಾಗಿ ನಿಂತ ಆ ಕನ್ನಡಿಯು ಗಾಜಿನದಲ್ಲ. ಮೈಲಾರ್ ಎಂಬ, ಬೆಳ್ಳಿಯಂತೆ ಹೊಳೆಯುವ ತೆಳ್ಳನೆಯ ಹಾಳೆಯದು. ಅದರ ಹಿಂದೆ ಒಂದು ಮುಚ್ಚಿದ ಪೆಟ್ಟಿಗೆ. ಆ ಪೆಟ್ಟಿಗೆಯ ಗಾಳಿಯನ್ನು ಪಂಪು ಹೀರಿಕೊಂಡಾಗ ಹಾಳೆಯು ಒಳಕ್ಕೆ ಎಳೆಯಲ್ಪಟ್ಟು ಗೆರೆ ಕೊರೆದಂಥ ಬಾಗನ್ನು ತಾಳುವದು. ಮೇಲಿನ ಪರದೆಯ ಮೇಲೆ ಬಿದ್ದ ಚಿತ್ರವನ್ನು ಚಾಲಕರು ಈ ಕನ್ನಡಿಯಲ್ಲಿ ನೋಡುವರು. ಕೆಲವೇ ಅಡಿಗಳ ದೂರದ ಚಿತ್ರವು ಹರದಾರಿಗಳ ಆಚೆಗೆ ಇರುವಂತೆ ಕಾಣುವದು. ಗಾಳಿಯು ಎಲ್ಲಿಂದಾದರೂ ಸೋರಿದರೆ ಹಾಳೆಯು ಸಡಿಲಾಗಿ, ನೆಟ್ಟಗಿರಬೇಕಾದ ದಿಗಂತವು ಅಂಚಿನಲ್ಲಿ ಬಾಗುವದು, ರನ್‌ವೇಯ ದೀಪಗಳು ನೀರಿನಲ್ಲಿದ್ದಂತೆ ತೇಲಾಡುವವು.

ಯಂತ್ರಕ್ಕೆ ಎ, ಬಿ, ಸಿ, ಡಿ ಎಂದು ದರ್ಜೆಗಳಿದ್ದು ಡಿ ಎಂಬದೇ ಶ್ರೇಷ್ಠವಾದದ್ದು. ಅನೇಕ ದೇಶಗಳಲ್ಲಿ ಅನುಭವವುಳ್ಳ ಚಾಲಕನು ಹೊಸ ಜಾತಿಯ ವಿಮಾನವನ್ನು ಡಿ ದರ್ಜೆಯ ಸಿಮ್ಯುಲೇಟರಿನಲ್ಲಿಯೇ ಪೂರ್ತಿಯಾಗಿ ಕಲಿತು ಮುಗಿಸಬಹುದು. ಅಂಥವನು ನಿಜವಾದ ವಿಮಾನವನ್ನು ಮೊದಲ ಸಾರಿ ಹತ್ತುವಾಗ ಪಕ್ಕದಲ್ಲಿ ಶಿಕ್ಷಕರಿರುವರು. ಹಿಂದೆ ಪ್ರಯಾಣಿಕರೂ ಕುಳಿತಿರಬಹುದು. ಆದ ಕಾರಣ ಯಂತ್ರದ ನಡತೆಯನ್ನು ನಿಜವಾದ ವಿಮಾನದಿಂದ ಬರೆದುಕೊಂಡ ಅಳತೆಗಳೊಡನೆ ಆಗಾಗ ಹೋಲಿಸಿ ನೋಡಬೇಕು, ಸರಕಾರದ ಡಿ.ಜಿ.ಸಿ.ಎ. ಅಧಿಕಾರಿಗಳು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದರಲ್ಲಿ ಕಲಿಸುವ ಅಪ್ಪಣೆಯು ಮುಂದುವರಿಯುವದು. ದಿನದ ಬಹುಭಾಗ ಯಂತ್ರವು ಪಾಠದಲ್ಲಿ ತೊಡಗಿರುವದರಿಂದ ನಮ್ಮ ಕೆಲಸಕ್ಕೆ ಉಳಿಯುವದು ರಾತ್ರಿಯೇ. ದೀಪಗಳು, ಧ್ವನಿ, ಚುಕ್ಕಾಣಿಯ ಬಿಗಿ, ಕಾಲುಗಳು, ಚಿತ್ರ, ಬೆಂಕಿ ಆರಿಸುವ ಸಾಧನ, ಕಡೆಗೆ ಆಸನದ ಪಟ್ಟಿಯ ವರೆಗೆ ಒಂದೊಂದನ್ನೂ ನೋಡಿ ಲಾಗ್ ಪುಸ್ತಕದಲ್ಲಿ ಸಹಿ ಮಾಡಿದ ಮೇಲೆಯೇ ಮುಂಜಾನೆಯ ಪಾಠವು ತೊಡಗಬೇಕು.

ಸೇರಿದ ಎರಡನೆಯ ವರುಷದಲ್ಲಿ ನಮಗೆ ಆ ಸಹಿಯ ಅಧಿಕಾರವು ಬಂತು. ಊರಿಗೆ ಫೋನು ಮಾಡಿ ಹೇಳಿದೆವು. ತಂದೆಯವರು ಗಿರಣಿಯಲ್ಲಿ ಪೇಢೆಯನ್ನು ಹಂಚಿದರಂತೆ. ಅದಾಗಿ ಕೆಲವು ವಾರಗಳಲ್ಲಿಯೇ ಆ ಒಂದು ರಾತ್ರಿಯು ಬಂತು.

ನಾಲ್ಕು ಗಂಟೆಯ ಸುಮಾರಿಗೆ ನಾವೊಬ್ಬರೇ ಕನ್ನಡಿಯ ಹಿಂದೆ ನಿಂತಿದ್ದೆವು. ಪಂಪು ನಡುನಡುವೆ ಹೊತ್ತಿಕೊಂಡು ಆರುವದು ವಾಡಿಕೆ; ಅಂದು ಅದು ಬೇಗ ಬೇಗನೆ ಹೊತ್ತಿಕೊಳ್ಳುತ್ತಿತ್ತು. ಕಿವಿಗೊಟ್ಟು ಕೇಳಲು, ಪೆಟ್ಟಿಗೆಯ ಅಂಚಿನಲ್ಲಿ ಸಣ್ಣದೊಂದು ಉಸಿರು. ಆ ಸಪ್ಪಳವನ್ನು ನಾವು ಬಲ್ಲೆವು. ಪರೀಕ್ಷೆಯ ಗೆರೆಗಳ ಚಿತ್ರವನ್ನು ಹಾಕಿ ನೋಡಿದರೆ ಮೇಲಿನ ಸಾಲು ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಾಗಿದ ಹಾಗಿತ್ತು. ನಿಯಮದಂತೆ ಅದನ್ನು ಅಳೆದು, ಅಂಚನ್ನು ಬಿಚ್ಚಿ ಹೊಸದಾಗಿ ಮುಚ್ಚಿ, ಮತ್ತೆ ಅಳೆಯಬೇಕು. ಅದಕ್ಕೆ ತಾಸುಗಟ್ಟಲೆ ಹೊತ್ತು ಹಿಡಿಯುವದು. ಪಾಠವು ಆರಕ್ಕೆ. ಯಂತ್ರವು ನಿಂತರೆ ಎಲ್ಲರೂ ಕೇಳುವರು; ಹೊಸದಾಗಿ ಸಹಿಯ ಅಧಿಕಾರವು ಬಂದವರು, ಅದರಲ್ಲಿಯೂ ಹೆಂಗಸರು, ಮೊದಲ ತಿಂಗಳಲ್ಲಿಯೇ ಯಂತ್ರವನ್ನು ನಿಲ್ಲಿಸಿದರೆಂಬ ಮಾತು ಬರುವದು. ನಾವು ಹೊರಗಿನಿಂದ ಒಂದು ಅಗಲವಾದ ಟೇಪನ್ನು ಒತ್ತಿ ಅಂಟಿಸಿದೆವು. ಉಸಿರು ನಿಂತಿತು, ಗೆರೆಯು ನೆಟ್ಟಗಾಯಿತು. ಪುಸ್ತಕದಲ್ಲಿ ‘ಎಲ್ಲವೂ ಸರಿ’ ಎಂದು ಸಹಿ ಮಾಡಿ ಬಸ್ಸನ್ನು ಹಿಡಿದು ಕೋಣೆಗೆ ಹೋಗಿ ಮಲಗಿದೆವು.

ಮಧ್ಯಾಹ್ನ ಫೋನು ಬಂತು. ಟೇಪು ಎದ್ದು, ರನ್‌ವೇಯು ಚಾಲಕರ ಕಣ್ಣೆದುರಿಗೆ ಹಾವಿನಂತೆ ಹೊರಳಿತ್ತು. ಶಿಕ್ಷಕರು ಯಂತ್ರವನ್ನು ನಿಲ್ಲಿಸಿ, ಈ ದೋಷವು ಯಾವಾಗಿನಿಂದ ಇತ್ತೆಂದು ಕೇಳಿದರು. ಪುಸ್ತಕವನ್ನು ತೆಗೆದು ನೋಡಿದರೆ ಅದರಲ್ಲಿ ಏನೂ ಇಲ್ಲ. ಒಂದು ಸಾಲು ಬರೆದಿದ್ದರೆ, ಯಾವ ಪಾಠವನ್ನು ನಂಬಬೇಕು ಯಾವದನ್ನು ಬಿಡಬೇಕು ಎಂದು ಗೊತ್ತಾಗುತ್ತಿತ್ತು. ಬರೆಯದೆ ಹೋದದ್ದರಿಂದ ಮುಂಜಾನೆಯಿಂದ ಆದ ಇಳಿತಗಳೆಲ್ಲವೂ ಸಂಶಯಕ್ಕೊಳಗಾಗಿ, ಎಲ್ಲವನ್ನೂ ಮತ್ತೆ ಮಾಡಿಸಬೇಕಾಯಿತು.

ನಾವು ಮುಖವನ್ನು ಸಹ ತೊಳೆಯದೆ ಓಡಿ ಹೋದೆವು. ಹಿರಿಯ ಮೇಸ್ತ್ರಿಯವರು ಟೇಪಿನ ತುಂಡನ್ನು ಮೇಜಿನ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಅವರು ಕೇಳುವ ಮೊದಲೇ, "ಅಂಟಿಸಿದವರು ನಾವೇ ಸರ್. ಸೋರುತ್ತಿದ್ದದ್ದು ಗೊತ್ತಿತ್ತು. ಬರೆಯಲಿಲ್ಲ," ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, 2001ನೆಯ ವರುಷದ ನವೆಂಬರ್ 12ರ ಸಂಗತಿಯೊಂದನ್ನು ಹೇಳಿದರು. ಅಂದು ನ್ಯೂಯಾರ್ಕಿನಿಂದ ಹೊರಟ ಏರ್‌ಬಸ್ ಎ300 ವಿಮಾನವೊಂದು ಮುಂದೆ ಹೋದ ದೊಡ್ಡ ವಿಮಾನವು ಎಬ್ಬಿಸಿದ ಗಾಳಿಯ ಸುಳಿಯಲ್ಲಿ ಸಿಕ್ಕಿತು. ಸಹಚಾಲಕನು ಬಾಲದ ಚುಕ್ಕಾಣಿಯ ಹಲಗೆಗಳನ್ನು ಎಡಕ್ಕೂ ಬಲಕ್ಕೂ ಬಲವಾಗಿ ತುಳಿದನು. ಬಾಲದ ರೆಕ್ಕೆಯು ಮುರಿದು, ಒಳಗಿದ್ದ 260 ಜನರೂ ನೆಲದ ಮೇಲಿನ 5 ಜನರೂ ಸತ್ತರು. ಅನಾವಶ್ಯಕವಾಗಿ, ಅತಿಯಾಗಿ ತುಳಿದದ್ದೇ ಕಾರಣವೆಂದು ತನಿಖೆಯ ಮಂಡಳಿಯು 2004ರಲ್ಲಿ ತೀರ್ಮಾನಿಸಿತು. ಆ ವಿಮಾನದ ಚುಕ್ಕಾಣಿಯ ರಚನೆಯೂ, ಅವನು ಪಡೆದ ತರಬೇತಿಯ ಕೆಲವು ಅಂಶಗಳೂ ಅದಕ್ಕೆ ಒತ್ತಾಸೆಯಾದವೆಂದು ಹೇಳಿತು. ಆ ತರಬೇತಿಯ ಒಂದು ಪಾಠದಲ್ಲಿ, ವಿಮಾನವು ಬಹಳಷ್ಟು ವಾಲುವ ತನಕ ಚುಕ್ಕಾಣಿಗೆ ಉತ್ತರ ಕೊಡದಂತೆ ಸಿಮ್ಯುಲೇಟರನ್ನು ಬೇಕೆಂದೇ ಹೊಂದಿಸಿದ್ದರಂತೆ. ಸಣ್ಣ ಗಾಳಿಗೂ ದೊಡ್ಡ ತುಳಿತವು ಬೇಕೆಂಬ ತಪ್ಪು ಕಲ್ಪನೆಯು ಅಂಥ ಪಾಠದಿಂದ ಚಾಲಕನಲ್ಲಿ ಹುಟ್ಟಬಹುದು.

"ಈ ಯಂತ್ರ ಮಾಡೋದೆಲ್ಲ ಸುಳ್ಳೇ," ಎಂದರು ಅವರು. "ಚಿತ್ರ ಸುಳ್ಳು, ಮಳೆ ಸುಳ್ಳು, ವೇಗ ಸುಳ್ಳು. ಅದು ಎಷ್ಟು ಸುಳ್ಳು ಹೇಳಬೇಕು ಅನ್ನೋದಕ್ಕೆ ಲೆಕ್ಕ ಇದೆ. ಆ ಲೆಕ್ಕ ಇಡೋರು ನೀವು. ನೀವೂ ಸುಳ್ಳು ಹೇಳಿದರೆ ಆ ಹುಡುಗರು ಯಾರನ್ನ ನಂಬಬೇಕು?"

ಮೂರು ತಿಂಗಳು ನಮ್ಮ ಸಹಿಯ ಅಧಿಕಾರವನ್ನು ತೆಗೆದರು. ಅದು ನ್ಯಾಯವಾದ ದಂಡನೆ. ಅದಕ್ಕಿಂತ ಕಠಿಣವಾದದ್ದು ಬೇರೆ ಇತ್ತು. ಅಂದು ಮುಂಜಾನೆ ಮೊದಲ ಪಾಠದಲ್ಲಿ ಒಬ್ಬ ತರುಣ ಚಾಲಕನು ವಿಮಾನವನ್ನಿಳಿಸುವದರಲ್ಲಿ ಎರಡು ಸಾರಿ ತಪ್ಪಿದ್ದನು. ಅವನು ಊಟದ ಮನೆಯ ಒಂದು ಮೂಲೆಯಲ್ಲಿ ತಟ್ಟೆಯನ್ನು ಮುಟ್ಟದೆ ಕುಳಿತಿದ್ದನು. ಮನೆಯವರು ಸಾಲ ಮಾಡಿ ಅವನನ್ನು ಓದಿಸಿದ್ದರೆಂದು ಬಳಿಕ ತಿಳಿಯಿತು. ನಾವು ಹೋಗಿ ಅವನೆದುರಿಗೆ ನಿಂತು, "ಕನ್ನಡಿಯಲ್ಲಿ ದೋಷವಿತ್ತು, ಅದನ್ನು ಬರೆಯದೆ ಬಿಟ್ಟವರು ನಾವು," ಎಂದು ಹೇಳಿದೆವು. ಅವನು ಸಿಟ್ಟಾಗುವನೆಂದು ಎಣಿಸಿದ್ದೆವು. ಅವನು ತಲೆಯೆತ್ತಿ ನೋಡಿ, "ಹಾಗಾದರೆ ನನ್ನ ಕಣ್ಣು ಸರಿಯಾಗಿದೆಯಾ, ಮೇಡಂ?" ಎಂದು ಮಾತ್ರ ಕೇಳಿದನು. ಅವನ ತಪ್ಪಿನಲ್ಲಿ ನಮ್ಮ ಪಾಲು ಎಷ್ಟು, ಅವನ ಪಾಲು ಎಷ್ಟು ಎಂಬದು ನಮಗೂ ತಿಳಿಯದು. ತಿಳಿಯುವ ದಾರಿಯನ್ನು ನಾವೇ ಮುಚ್ಚಿದ್ದೆವು. ಆ ರಾತ್ರಿ ಹಿರಿಯರೊಡನೆ ಕೂಡಿ ಕನ್ನಡಿಯ ಅಂಚನ್ನೆಲ್ಲ ಬಿಚ್ಚಿ ಹೊಸದಾಗಿ ಮುಚ್ಚಿ, ಬೆಳಗಿನ ವರೆಗೆ ಅಳೆದೆವು. ಎರಡು ದಿನಗಳ ಮೇಲೆ ಅವನು ಮತ್ತೆ ವಿಮಾನವನ್ನಿಳಿಸಿದನು, ಶಿಕ್ಷಕರು ತೃಪ್ತರಾದರು. ಪಾಠವು ಮುಗಿಯುವ ವರೆಗೆ ನಾವು ಕನ್ನಡಿಯ ಪಂಪಿನ ಸಪ್ಪಳವನ್ನೇ ಕೇಳುತ್ತ ನಿಂತಿದ್ದೆವು.

ಆ ವರುಷದ ದೀಪಾವಳಿಗೆ ಊರಿಗೆ ಹೋದಾಗ ತಂದೆಯವರ ಮುಂದೆ ಎಲ್ಲವನ್ನೂ ಹೇಳಿದೆವು. ಪೇಢೆಯನ್ನು ಹಂಚಿದವರಿಗೆ ಇದನ್ನು ಹೇಳುವದು ಸುಲಭವಾಗಿರಲಿಲ್ಲ. ಅವರು, "ಕಿವಿಗೆ ಕೇಳಿಸಿತ್ತಲ್ಲಾ?" ಎಂದರು. ಹೌದೆಂದೆವು. "ಹಂಗಾರ ಕಿವಿ ಛಲೋ ಐತಿ. ಕೈಗೆ ಬರಿಯೂದು ಕಲಸು," ಎಂದು ಹೇಳಿ ಹಿತ್ತಲಿಗೆ ಎದ್ದು ಹೋದರು.

ಈಗ ಹತ್ತು ವರುಷಗಳಿಗೂ ಮಿಕ್ಕಿದ ಕಾಲವು ಕಳೆದಿದೆ. ಯಂತ್ರಗಳು ಬದಲಾಗಿವೆ, ಎಣ್ಣೆಯ ಒತ್ತಡದಿಂದ ಏಳುವ ಕಾಲುಗಳ ಸ್ಥಳದಲ್ಲಿ ವಿದ್ಯುತ್ತಿನ ಕಾಲುಗಳು ಬಂದಿವೆ, ಚಿತ್ರಗಳು ಮೊದಲಿಗಿಂತ ಸ್ಪಷ್ಟವಾಗಿವೆ. ನಮ್ಮ ಪಾಳಿಯಲ್ಲಿ ಈಗ ಹೊಸಬರಿದ್ದಾರೆ, ಅವರಲ್ಲಿ ಹುಡುಗಿಯರೂ ಇದ್ದಾರೆ. ಮೊದಲ ದಿನ ನಾವು ಅವರಿಗೆ ಲಾಗ್ ಪುಸ್ತಕವನ್ನು ತೆರೆದು, ನಮ್ಮ ಆ ರಾತ್ರಿಯ ಕಥೆಯನ್ನು ಹೇಳುತ್ತೇವೆ. ಒಬ್ಬ ಹುಡುಗಿಯು, "ಬರೆದರೆ ನಮ್ಮದೇ ತಪ್ಪು ಅಂತಾರಲ್ಲ, ಅಕ್ಕಾ?" ಎಂದು ಕೇಳಿದಳು. ಅನ್ನಬಹುದು ಎಂದು ಹೇಳಿದೆವು. ಇಲ್ಲವೆಂದು ಸುಳ್ಳು ಧೈರ್ಯವನ್ನು ಕೊಡಲಿಲ್ಲ. ಯಂತ್ರವನ್ನು ನಿಲ್ಲಿಸಿದಾಗ ರೈತರೂ ಮಾಲಕರೂ ಕೂಡಿಯೇ ನಮ್ಮ ತಂದೆಯವರನ್ನು ಬೈದಿದ್ದರು; ಬೇರಿಂಗನ್ನು ಕಂಡದ್ದು ಆಮೇಲೆ.

ಪ್ರಿಯ ಸಹೋದರಿಯರೇ, ಈ ಉದ್ಯೋಗಕ್ಕೆ ಬರಲು ದೊಡ್ಡ ಮನೆತನವು ಬೇಕಾಗಿಲ್ಲ, ಆಕಾಶದಲ್ಲಿ ಹಾರಿದ ಅನುಭವವೂ ಬೇಕಾಗಿಲ್ಲ. ಗಣಿತ ಮತ್ತು ವಿಜ್ಞಾನದ ಪಾಠಗಳನ್ನು ಮನಸ್ಸಿಟ್ಟು ಕಲಿಯಿರಿ. ಡಿಪ್ಲೊಮಾದ ಓದು ಕಷ್ಟವೆಂದು ಹಿಂಜರಿಯಬೇಡಿರಿ. ಮನೆಯ ಹೊಲಿಗೆಯ ಯಂತ್ರವು ಕೆಟ್ಟರೆ ಬಿಚ್ಚಿ ನೋಡುವ ಅಪ್ಪಣೆಯನ್ನು ಕೇಳಿರಿ. ರಾತ್ರಿಯ ಪಾಳಿಯು ಮೊದಲ ವರುಷ ಬಹಳ ತ್ರಾಸವನ್ನು ಕೊಡುವದು. ಮನೆಯವರೂ ಒಪ್ಪಲು ಹೊತ್ತು ಹಿಡಿಯುವದು. ನಮ್ಮ ತಾಯಿಯವರು ಒಪ್ಪಿದ್ದು ಒಮ್ಮೆ ಬೆಂಗಳೂರಿಗೆ ಬಂದು ಆ ಬಿಳಿಯ ಕೋಣೆಯನ್ನು ನೋಡಿದ ಮೇಲೆ. ಅವರು ಅದರ ಆರು ಕಾಲುಗಳನ್ನು ಎಣಿಸಿ, "ಇಷ್ಟ ಕಾಲಿದ್ರೂ ಎಲ್ಲಿಗೂ ಹೋಗಂಗಿಲ್ಲಲ್ಲ, ಪಾಪ!" ಎಂದರು.

ಕಳೆದ ಸಾರಿ ಶಾಲೆಗೆ ಬಂದಾಗ ಹಳೆಯ ಹಾರ್ಮೋನಿಯಮ್ಮು ಸಾಮಾನಿನ ಕೋಣೆಯಲ್ಲಿತ್ತು. ಅಪ್ಪಣೆಯನ್ನು ಕೇಳಿ ಹಿಂದಿನ ಹಲಗೆಯನ್ನು ಬಿಚ್ಚಿದೆವು. ನಾವು ಹಚ್ಚಿದ ತೊಗಲು ಇನ್ನೂ ಹಿಡಿದುಕೊಂಡಿತ್ತು. ಚೀಟಿಯ ಮಸಿಯು ಮಾಸಿದ್ದರೂ ಓದಲು ಬರುತ್ತಿತ್ತು. ಅದರ ಕೆಳಗೆ ಬೇರೆ ಬೇರೆ ಅಕ್ಷರಗಳಲ್ಲಿ ಮತ್ತೂ ಎರಡು ಚೀಟಿಗಳು ಅಂಟಿದ್ದವು. ನಮ್ಮ ತರುವಾಯ ಯಾರೋ ಹರಿದಿದ್ದರು, ಹೊಲಿದಿದ್ದರು, ತಮ್ಮ ಹೆಸರನ್ನೂ ಬರೆದಿದ್ದರು. ಎರಡನೆಯ ತಿದಿಯು ಈಗ ಸೋರುತ್ತಿದೆ. ಮುಂದಿನ ರಜೆಯಲ್ಲಿ ತೊಗಲನ್ನು ತರುವದಾಗಿ ಮುಖ್ಯೋಪಾಧ್ಯಾಯಿನಿಯವರಿಗೆ ಹೇಳಿ ಬಂದಿದ್ದೇವೆ. ಕಲಿಯುವ ಮನಸ್ಸಿದ್ದ ಇಬ್ಬರು ಹುಡುಗಿಯರನ್ನು ನಮ್ಮ ಜೊತೆಗೆ ಕೊಟ್ಟರೆ ಸಾಕು.